ತುಂಗಭದ್ರೆಯ ಪದ, ನೆಕ್ಕರ್ ದಂಡೆಯ ಓದು

ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳೂ ‘ಮಂಗಳೂರ ಸಮಾಚಾರ’ ಎನ್ನುತ್ತಾರೆ. ಅದರ ಮೊದಲ ಸಂಚಿಕೆ ಹೊರಬಂದದ್ದು 1843ರ ಜುಲೈ 1ರಂದು. ಅದರ ನೆನಪಿಗಾಗಿಯೇ ರಾಜ್ಯದಲ್ಲಿ ಪತ್ರಿಕಾ ದಿನ ನಡೆಯುತ್ತದೆ. ಆದರೆ ಆ ಪತ್ರಿಕೆ ಮಂಗಳೂರಿನಲ್ಲಿ ಪೂರಾ ಒಂದು ವರ್ಷವೂ ನಿಲ್ಲಲಿಲ್ಲ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. 1844ರಲ್ಲಿ ಅದು ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯೆಲ್ಲ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಭಾಗ. ಕನ್ನಡದ ಮೊದಲ ಪತ್ರಿಕೆ, ಹೀಗೆ, ಎರಡನೆಯ ವರ್ಷಕ್ಕೇ ಈ ಸೀಮೆಯ ಜಿಲ್ಲಾ ಕೇಂದ್ರದ ಪತ್ರಿಕೆಯಾಗಿತ್ತು.

ಬಳ್ಳಾರಿಗೆ ಹೋಗಲು ಕಾರಣ ಸರಳವಾದದ್ದು. ಮಂಗಳೂರಿನ ಬಾಸೆಲ್ ಮಿಷನ್ನಿನವರ ಬಳಿ ಆಗ ಇದ್ದದ್ದು 1841ರಲ್ಲಿ ಆರಂಭವಾದ ಕಲ್ಲಚ್ಚಿನ ಮುದ್ರಣ ಮಾತ್ರ. ಲಿಪಿಕಾರ ಜಿಡ್ಡಿನ ಶಾಯಿಯಲ್ಲಿ ಪುಟವನ್ನು ಬರೆಯಬೇಕು, ಅದನ್ನು ನಯಗೊಳಿಸಿದ ಕಲ್ಲಿನ ಮೇಲೆ ಒತ್ತಬೇಕು, ಕಲ್ಲಿಗೆ ನೀರು ಸವರಿ ಮಸಿ ಹಚ್ಚಿ ಒಂದೊಂದೇ ಹಾಳೆ ತೆಗೆಯಬೇಕು. ಅಕ್ಷರ ಮುದ್ದಾಗಿ ಬರುತ್ತಿತ್ತು, ಕೆಲಸ ಮಾತ್ರ ಆಮೆ ನಡಿಗೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಅಚ್ಚುಕೂಟವಿತ್ತು, ಅಲ್ಲಿ ಕನ್ನಡದ ಅಚ್ಚುಮೊಳೆಗಳಿದ್ದವು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದೂ, ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟಿಗಾಗಿ ದುಡಿದದ್ದೂ ಆ ಮಿಷನ್ನಿನ ಆಸರೆಯಲ್ಲೇ. ಕಲ್ಲಚ್ಚಿನ ಪತ್ರಿಕೆಗೆ ಮೊಳೆಯಚ್ಚಿನ ಊರು ಬೇಕಾಯಿತು.

ಪತ್ರಿಕೆಯ ಸಂಪಾದಕ ಹರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. ಪತ್ರಿಕೆಯ ಜನಕನೆಂದು ಅವರನ್ನು ಎಲ್ಲರೂ ಬಲ್ಲರು. ಕನ್ನಡ ಕಾವ್ಯವನ್ನು ಜರ್ಮನ್ ಭಾಷೆಗೆ ತಂದ ಮೊದಲಿಗರಲ್ಲಿ ಅವರೊಬ್ಬರು ಎಂಬ ಸಂಗತಿ ಅದರ ನೆರಳಿನಲ್ಲಿ ಮರೆಯಾಗಿದೆ. ವಾಸ್ತವವಾಗಿ ವಿದ್ವತ್ ಲೋಕ ಅವರಿಗೆ ಮನ್ನಣೆ ಕೊಟ್ಟದ್ದು ಪತ್ರಿಕೆಗಾಗಿ ಅಲ್ಲ, ಕನ್ನಡ ಕಾವ್ಯಗಳಿಗಾಗಿ.

ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ, ದೇವತಾಶಾಸ್ತ್ರವನ್ನು. ನೆಕ್ಕರ್ ನದಿಯ ದಂಡೆಯ ಈ ಪುಟ್ಟ ಊರು 1830ರ ದಶಕದ ಆರಂಭದಲ್ಲಿ ಹೇಗಿತ್ತೆಂದು ಸ್ವಲ್ಪ ನೋಡಬೇಕು. ಅಲ್ಲಿನ ಧಾರ್ಮಿಕ ವಿದ್ಯಾರ್ಥಿನಿಲಯ ತತ್ವಜ್ಞಾನಿ ಹೆಗೆಲ್‌ನೂ ಕವಿ ಹೋಲ್ಡರ್ಲೀನ್‌ನೂ ಒಟ್ಟಿಗೆ ಓದಿದ ಜಾಗ. ಹೋಲ್ಡರ್ಲೀನ್ ಬುದ್ಧಿಸ್ಥಿಮಿತ ಕಳೆದುಕೊಂಡ ಮೇಲೆ 1807ರಿಂದ ಅದೇ ಊರಿನ ಬಡಗಿಯೊಬ್ಬನ ಮನೆಯಲ್ಲಿ, ನದಿಗೆ ಮುಖ ಮಾಡಿದ ದುಂಡನೆಯ ಕೋಣೆಯಲ್ಲಿ ದಿನ ನೂಕುತ್ತಿದ್ದ. ಮೋಗ್ಲಿಂಗ್ ವಿದ್ಯಾರ್ಥಿಯಾಗಿದ್ದ ಕಾಲದಲ್ಲೂ ಆತ ಅಲ್ಲಿಯೇ ಇದ್ದ. ಇಂದು ಆಧುನಿಕ ಜರ್ಮನ್ ಕಾವ್ಯದ ಮೂಲಪುರುಷರ ಸಾಲಿನಲ್ಲಿ ಅವನ ಹೆಸರನ್ನು ಹೇಳುತ್ತಾರೆ. ಆಗ ಅವನು ಊರಿನವರ ಪಾಲಿಗೆ ಒಬ್ಬ ಹುಚ್ಚ. ಅವನು ತೀರಿಕೊಂಡದ್ದು 1843ರ ಜೂನ್ ತಿಂಗಳಲ್ಲಿ, ‘ಮಂಗಳೂರ ಸಮಾಚಾರ’ ಹೊರಬರುವುದಕ್ಕೆ ಮೂರು ವಾರ ಮೊದಲು.

ಅದೇ ವಿಶ್ವವಿದ್ಯಾಲಯದಲ್ಲಿ ಅದೇ ವರ್ಷಗಳಲ್ಲಿ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು ಲುಡ್ವಿಗ್ ಊಲಾಂಡ್. ಕವಿಯೂ ಜನಪದ ಹಾಡುಗಳ ಸಂಗ್ರಾಹಕರೂ ಆಗಿದ್ದವರು. ಜನ ಬಾಯಲ್ಲಿ ಹಾಡುವ ಪದಗಳು ಕೂಡ ಸಾಹಿತ್ಯವೇ, ಅವನ್ನು ಕಲೆಹಾಕಿ ಶುದ್ಧಪಾಠ ಮಾಡುವುದು ವಿದ್ವಾಂಸನಿಗೆ ಕಡಿಮೆ ಕೆಲಸವಲ್ಲ ಎಂಬ ವಿಚಾರ ಜರ್ಮನಿಯಲ್ಲಿ ಹೆರ್ಡರ್‌ನ ಕಾಲದಿಂದ, ಅಂದರೆ 1770ರ ದಶಕದಿಂದ, ಬೇರುಬಿಟ್ಟಿತ್ತು. ಗ್ರಿಮ್ ಸೋದರರ ಕಥೆಗಳು ಬಂದದ್ದು ಅದರಿಂದಲೇ. ಇದರ ಜೊತೆಗೆ ಇನ್ನೊಂದು ಸಂಪ್ರದಾಯವೂ ಇತ್ತು. ಪೂರ್ವದೇಶದ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಕವಿ ಫ್ರೀಡ್ರಿಖ್ ರೂಕರ್ಟ್ ಪಾರಸಿ, ಅರಬ್ಬಿ, ಸಂಸ್ಕೃತ ಕಾವ್ಯಗಳನ್ನು ಜರ್ಮನ್ ಪದ್ಯವಾಗಿಯೇ ತರುತ್ತಿದ್ದರು. ಜಯದೇವನ ‘ಗೀತಗೋವಿಂದ’ವನ್ನು ಅವರು 1837ರಲ್ಲಿ ಪ್ರಕಟಿಸಿದರು. ಪಾಠ ಹೇಳುವ ವಿದ್ವಾಂಸನೇ ಕವಿತೆಯ ಅನುವಾದಕನೂ ಆಗಿರುವುದು ಆ ದೇಶದಲ್ಲಿ ಸಹಜವೆನ್ನಿಸಿದ್ದು ಇಂಥವರಿಂದ.

ಧರ್ಮಪ್ರಚಾರಕರು ಊರೂರು ತಿರುಗಿ ಗಾದೆ, ಪದ, ಪುರಾಣ ಕೂಡಿಸಿದ್ದನ್ನು ನಮ್ಮಲ್ಲಿ ಎರಡು ಬಗೆಯಲ್ಲಿ ವಿವರಿಸುವ ರೂಢಿಯಿದೆ. ಒಂದು, ಅವರು ಕನ್ನಡದ ಮೇಲಿನ ಪ್ರೀತಿಯಿಂದ ಮಾಡಿದರು ಎನ್ನುವುದು. ಇನ್ನೊಂದು, ಮತಾಂತರದ ಸಾಧನವಾಗಿ ಮಾಡಿದರು ಎನ್ನುವುದು. ಎರಡೂ ಅರ್ಧ ಮಾತು. ಮತಪ್ರಚಾರಕ್ಕೆಂದೇ ಅವರು ಬಂದದ್ದು ನಿಜ, ಅದನ್ನು ಅವರು ಮುಚ್ಚಿಟ್ಟದ್ದೂ ಇಲ್ಲ. ಆದರೆ ಪ್ರಚಾರದ ಉದ್ದೇಶವೊಂದೇ ಇದ್ದಿದ್ದರೆ ಪಾಠಾಂತರ ನೋಡುವ, ಓಲೆಗರಿಗಳನ್ನು ಹೋಲಿಸುವ ಕಷ್ಟ ಬೇಕಿರಲಿಲ್ಲ. ಜನರ ಹಾಡಿನಲ್ಲಿ ಜನರ ಜೀವ ಇದೆ ಎಂಬ ನಂಬಿಕೆಯ ಹವೆಯಲ್ಲಿ ಉಸಿರಾಡಿ ಬೆಳೆದವರು ಅವರು. ಅದನ್ನು ಅವರು ಬೈಬಲಿನ ಜೊತೆಯಲ್ಲೇ ಗಂಟುಕಟ್ಟಿಕೊಂಡು ಬಂದರು.

1836ರ ಕೊನೆಗೆ ಮಂಗಳೂರು ತಲುಪಿದ ಮೋಗ್ಲಿಂಗ್ ಬೇಗನೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿಗಳಿಗೆ ಹೋದರು. ಗದಗಿನ ಹತ್ತಿರ, ಅಂದರೆ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಸೀಮೆಯಲ್ಲಿ, ಅವರಿಗೆ ಕಾಲಜ್ಞಾನದ ಪಂಥದವರ ಪರಿಚಯವಾಯಿತು. ಮುಂದೆ ಬರುವ ಒಳ್ಳೆಯ ದಿನಗಳನ್ನು ನುಡಿಯುವ ಕಾಲಜ್ಞಾನದ ವಚನಗಳು ವಿಜಯನಗರ ಹಾಳಾದ ಮೇಲೆ ಈ ಭಾಗದಲ್ಲೆಲ್ಲ ಹಬ್ಬಿದ್ದವು. ಅವುಗಳನ್ನು ನಂಬಿದವರು ಹಿಂಡಾಗಿ ಕ್ರೈಸ್ತರಾಗುತ್ತಾರೆಂದು ಮಿಷನ್ನಿನವರು ಆಸೆಪಟ್ಟರು. ಅವರಿಗಾಗಿ ಮಲಸಮುದ್ರದಲ್ಲಿ ಜಮೀನು ಪಡೆದು ಒಕ್ಕಲು ನೆಲೆಯೊಂದನ್ನೂ ಮಾಡಿದರು. ಬರಬೇಕಾದವರು ಬರಲಿಲ್ಲ. ಆದರೆ ಕನ್ನಡಿಗರನ್ನು ತಿಳಿಯಬೇಕಾದರೆ ಅವರು ಹಾಡುವುದನ್ನೂ ಓದುವುದನ್ನೂ ತಿಳಿಯಬೇಕು ಎಂಬ ಹಾದಿ ಇಲ್ಲಿಂದ ಮುಂದೆ ಮೋಗ್ಲಿಂಗ್ ಅವರ ಬರವಣಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1840ರಲ್ಲಿ ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ಬಂದು ಸೇರಿದರು. ಇಬ್ಬರಲ್ಲಿ ಭಾಷಾಶಾಸ್ತ್ರದ ಒಲವು ಹೆಚ್ಚಾಗಿದ್ದದ್ದು ವೈಗ್ಲೆಯವರಿಗೆ. ಜರ್ಮನಿಯ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ 1848ರಲ್ಲಿ ಅವರು ಕನ್ನಡ ಭಾಷೆ ಮತ್ತು ಸಾಹಿತ್ಯದ ಬಗೆಗೆ ಲೇಖನ ಬರೆದರು. ಯೂರೋಪಿನ ವಿದ್ವಾಂಸರಿಗೆ ಕನ್ನಡಕ್ಕೊಂದು ಸಾಹಿತ್ಯ ಚರಿತ್ರೆ ಇದೆ ಎಂದು ತಿಳಿಸಿದ ಮೊದಲ ಬರಹಗಳಲ್ಲಿ ಅದೂ ಒಂದು. ಸಂಸ್ಕೃತವೆಂದರೆ ಭಾರತ ಎಂದು ಜರ್ಮನಿಯ ವಿಶ್ವವಿದ್ಯಾಲಯಗಳು ನಂಬಿದ್ದ ಕಾಲ ಅದು. ವೈಗ್ಲೆ 1855ರಲ್ಲಿಯೇ ತೀರಿಕೊಂಡದ್ದು ಕನ್ನಡಕ್ಕೆ ದೊಡ್ಡ ನಷ್ಟ.

ಮೋಗ್ಲಿಂಗ್ ಅವರ ದೊಡ್ಡ ಕೆಲಸ 1848ರಿಂದ 1853ರವರೆಗಿನದು. ಮದ್ರಾಸ್ ಪ್ರಾಂತದ ಸೇವೆಯಿಂದ ನಿವೃತ್ತರಾಗಿ ನೀಲಗಿರಿಯಲ್ಲಿದ್ದ ನ್ಯಾಯಾಧೀಶ ಕಾಸಾಮೇಜರ್ ಎಂಬವರ ಹಣದ ನೆರವಿನಿಂದ ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಎಂಬ ಮಾಲೆ ಹೊರಟಿತು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ, ಯಕ್ಷಗಾನದ ರಾವಣ ದಿಗ್ವಿಜಯ, ದಾಸರ ಪದಗಳು ಒಂದೊಂದಾಗಿ ಕಲ್ಲಚ್ಚಿನಲ್ಲಿ ಬಂದವು. ಆಯ್ಕೆಯನ್ನು ಗಮನಿಸಬೇಕು. ಪಂಪ, ರನ್ನರು ಇಲ್ಲಿಲ್ಲ. ಆಗ ಕನ್ನಡ ಜನ ಮಠದಲ್ಲಿ, ಗುಡಿಯ ಪಡಸಾಲೆಯಲ್ಲಿ, ಮನೆಯ ಜಗುಲಿಯಲ್ಲಿ ಯಾವುದನ್ನು ಓದಿ ಕೇಳುತ್ತಿದ್ದರೋ ಅದನ್ನೇ ಮೋಗ್ಲಿಂಗ್ ಆರಿಸಿಕೊಂಡರು. ಪಂಡಿತರ ಸಾಹಿತ್ಯಕ್ಕಿಂತ ಓದುವ ಜನರ ಸಾಹಿತ್ಯ ಮುಂದೆ ಬಂದಿತು.

ಈ ಪಟ್ಟಿಯಲ್ಲಿ ತುಂಗಭದ್ರೆಯ ದಕ್ಷಿಣ ದಂಡೆಗೆ ಸೇರಿದ ಪಾಲು ದೊಡ್ಡದು. ವಿರೂಪಾಕ್ಷ ಪಂಡಿತ ಚೆನ್ನಬಸವ ಪುರಾಣವನ್ನು ಮುಗಿಸಿದ್ದು 1584ರ ಸುಮಾರಿಗೆ, ತಾಳಿಕೋಟೆಯ ಯುದ್ಧವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಅವನದು ಹಂಪೆಯ ನೆಲೆ. ಪುರಂದರದಾಸರ ಬಾಳಿನ ಬಹುಭಾಗ ಸಂದದ್ದೂ ಅಲ್ಲಿಯೇ. ಉಜ್ಜಿನಿಯ ಪೀಠ, ಕೊಟ್ಟೂರಿನ ಕೊಟ್ಟೂರೇಶ್ವರನ ಗುಡಿ, ಊರೂರಿನ ಮಠಗಳು ಇರುವ ಈ ಸೀಮೆಯಲ್ಲಿ ಬಸವಪುರಾಣದ ಪುರಾಣ ಹಚ್ಚುವುದು ಇಂದಿಗೂ ಹೊಸದಲ್ಲ. ಅಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಷಟ್ಪದಿಗಳೇ ಮಂಗಳೂರಿನ ಕಲ್ಲಿನ ಮೇಲೆ ಅಚ್ಚಾದವು.

ಅಚ್ಚು ಹಾಕಿಸಿದ್ದು ಒಂದು ಕೆಲಸ, ಅನುವಾದ ಮತ್ತೊಂದು. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು, 1855ರಲ್ಲಿ ಕೊಡಗಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, 1860ರಲ್ಲಿ ಹಿಂದಿರುಗಿ ಜರ್ಮನಿ ಸೇರಿದರು. ಅದೇ 1860ರ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಅವರು ಅನುವಾದಿಸಿದ ದಾಸರ ಪದಗಳು ‘ಕನ್ನಡ ಗಾಯಕರ ಹಾಡುಗಳು’ ಎಂಬ ಅರ್ಥದ ತಲೆಬರಹದಲ್ಲಿ ಪ್ರಕಟವಾಗತೊಡಗಿದವು. ಮುಂದಿನ ಸಂಪುಟಗಳಲ್ಲೂ ಕಂತುಗಳು ಬಂದವು. 1870ರ ದಶಕದ ಮೊದಲ ವರ್ಷಗಳಲ್ಲಿ ಜೈಮಿನಿ ಭಾರತದ ಆರಂಭದ ಸಂಧಿಗಳೂ ಅದೇ ಪತ್ರಿಕೆಯಲ್ಲಿ ಜರ್ಮನ್ ರೂಪ ಪಡೆದವು. ಸಂಸ್ಕೃತ, ಅರಬ್ಬಿ, ಹೀಬ್ರೂ ಶಾಸನಗಳ ನಡುವೆ ಇದ್ದಕ್ಕಿದ್ದಂತೆ ಪುರಂದರ, ಕನಕರು ಬಂದು ಕೂತದ್ದನ್ನು ಲೈಪ್‌ಜಿಗ್‌ನ ಓದುಗರು ಯಾವ ಮುಖ ಮಾಡಿಕೊಂಡು ಓದಿರಬಹುದು ಎಂದು ಊಹಿಸುವುದು ಮೋಜಿನ ಸಂಗತಿ.

ಇಂಥ ಅನುವಾದದ ಕಷ್ಟ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬಹುದು. ಮೊದಲನೆಯದು ಪ್ರಾಸ. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಆದಿಯಲ್ಲಿರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಜರ್ಮನ್ ಕಿವಿ ಪ್ರಾಸಕ್ಕಾಗಿ ಕಾಯುವುದು ಸಾಲಿನ ಕೊನೆಯಲ್ಲಿ. ನಾವು ಬಾಗಿಲಲ್ಲಿ ಕಟ್ಟುವ ತೋರಣವನ್ನು ಅವರು ಹಿತ್ತಿಲ ಬಾಗಿಲಿಗೆ ಕಟ್ಟುತ್ತಾರೆ. ಆದಿಪ್ರಾಸವನ್ನು ಹಾಗೆಯೇ ಜರ್ಮನ್‌ಗೆ ಒಯ್ದರೆ ಅಲ್ಲಿನವರಿಗೆ ಅದು ಕೇಳಿಸುವುದೇ ಇಲ್ಲ. ಅಂತ್ಯಪ್ರಾಸ ಹಾಕಿದರೆ ಅದು ಅವರ ಚರ್ಚಿನ ಗೀತೆಯ ಹಾಗೆ ಕೇಳಿಸುತ್ತದೆ.

ಎರಡನೆಯದು ಲಯ. ಲಕ್ಷ್ಮೀಶನ ವಾರ್ಧಕ ಷಟ್ಪದಿಯಲ್ಲಿ ಚಿಕ್ಕ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ, ಮೂರನೆಯ ಮತ್ತು ಆರನೆಯ ಸಾಲಿಗೆ ಅಂಥ ಆರು ಗಣ, ಮೇಲೊಂದು ಗುರು. ಒಟ್ಟು ಲೆಕ್ಕ ನಿಂತಿರುವುದು ಅಕ್ಷರದ ಹ್ರಸ್ವ ದೀರ್ಘಗಳ ಮೇಲೆ. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ, ಯಾವ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತೇವೆ ಎಂಬುದರ ಮೇಲೆ. ಐದು ಮಾತ್ರೆಯ ಖಂಡಗತಿಯನ್ನು ಹಿಡಿಯುವ ಸಾಧನವೇ ಅಲ್ಲಿಲ್ಲ. ಗಮಕಿ ಹಾಡಿದಾಗ ಜೈಮಿನಿ ಭಾರತ ಹರಿಯುವ ಬಗೆ ಅನುವಾದದಲ್ಲಿ ಕಳೆದುಹೋಗುವುದು ಅನಿವಾರ್ಯ. ಉಳಿಯುವುದು ಕಥೆ ಮತ್ತು ಉಪಮೆ.

ಇನ್ನೂ ಸೂಕ್ಷ್ಮವಾದದ್ದು ಪದಗಳ ಸಂಗತಿ. ‘ಕೃಪೆ’ ಎಂದರೆ ಜರ್ಮನ್‌ನಲ್ಲಿ ‘ಗ್ನಾದೆ’ ಎಂಬ ಪದ ಸಿದ್ಧವಾಗಿ ಕೂತಿದೆ, ಆದರೆ ಅದು ಲೂಥರನ ಬೈಬಲಿನ ವಾಸನೆ ಹೊತ್ತ ಪದ. ‘ಪಾಪ’, ‘ದಾಸ’, ‘ಶರಣು’ ಎಲ್ಲಕ್ಕೂ ಹಾಗೆಯೇ ಚರ್ಚಿನ ಪದಗಳಿವೆ. ಅವನ್ನು ಬಳಸಿದರೆ ಪುರಂದರದಾಸರು ವುರ್ಟೆಂಬರ್ಗಿನ ಹಳ್ಳಿಯ ಭಕ್ತನೊಬ್ಬನಂತೆ ಮಾತಾಡುತ್ತಾರೆ. ‘ಮಡಿ’, ‘ಎಂಜಲು’, ‘ಅಂಕಿತ’ ಇವಕ್ಕೆ ಪದವೇ ಇಲ್ಲ. ಅದರಲ್ಲಿಯೂ ಅಂಕಿತ ವಿಚಿತ್ರ ವಸ್ತು. ಕೊನೆಯ ಸಾಲಿನ ‘ಪುರಂದರ ವಿಠಲ’ ದೇವರ ಹೆಸರೋ ಕವಿಯ ರುಜುವೋ? ಎರಡೂ ಹೌದು. ತನ್ನ ಹೆಸರನ್ನು ಮರೆಮಾಡಿ ದೇವರ ಹೆಸರನ್ನು ಹಾಕಿ, ಅದರಿಂದಲೇ ತಾನು ಯಾರೆಂದು ತಿಳಿಸುವ ಈ ಜಾಣತನಕ್ಕೆ ಅಡಿಟಿಪ್ಪಣಿಯಿಲ್ಲದೆ ಗತಿಯಿಲ್ಲ.

ಒಂದು ವಿಷಯ ಸ್ಪಷ್ಟ. ವಿಗ್ರಹಾರಾಧನೆಯನ್ನು ಖಂಡಿಸಲೆಂದೇ ಬಂದವರ ಕೈಗೆ, ಹೊರಗಿನ ಆಚಾರವನ್ನು ಗೇಲಿ ಮಾಡಿ ಒಳಗಿನ ಭಕ್ತಿಯನ್ನು ಕೇಳುವ ಪದಗಳು ಸಿಕ್ಕಿದವು. ಕ್ರೈಸ್ತ ಮತದ ಒಳಗೇ ಹೊರ ಆಡಂಬರವನ್ನು ಒಪ್ಪದ ಭಕ್ತಿಪಂಥವೊಂದರಲ್ಲಿ ಬೆಳೆದ ವುರ್ಟೆಂಬರ್ಗಿನವರಿಗೆ ಆ ದನಿ ಅಪರಿಚಿತವಾಗಿರಲು ಸಾಧ್ಯವಿಲ್ಲ. ಹತ್ತಾರು ವರ್ಷ ಆ ಪದಗಳ ಬೆನ್ನು ಬಿಡದಿದ್ದುದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ಕಾಣುವುದಿಲ್ಲ.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಕನ್ನಡ ಕಾವ್ಯಮಾಲೆಗಾಗಿ. ಕನ್ನಡದ ಕೆಲಸಕ್ಕಾಗಿ ಯೂರೋಪಿನ ವಿಶ್ವವಿದ್ಯಾಲಯವೊಂದು ಪದವಿ ಕೊಟ್ಟದ್ದು ಆಗ ಸಣ್ಣ ಸಂಗತಿಯಲ್ಲ. ಅವರು 1881ರಲ್ಲಿ ನೆಕ್ಕರ್ ದಂಡೆಯದೇ ಮತ್ತೊಂದು ಊರಾದ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಕನ್ನಡವನ್ನು ಬೋಧಿಸುವ ಪೀಠವೇನೂ ಅಲ್ಲಿ ಹುಟ್ಟಲಿಲ್ಲ. ಪದವಿ ಸಿಕ್ಕಿತು, ಪೀಠ ಸಿಗಲಿಲ್ಲ ಎನ್ನಬೇಕು.

ಆದರೆ ಕೆಲಸ ಕಿಟ್ಟೆಲ್ ಅವರ ಕೈಗೆ ಹೋಯಿತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ನಾಗವರ್ಮನ ಛಂದಸ್ಸನ್ನೂ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು. 1873ರಲ್ಲಿ ಕರ್ನಾಟಕದ ವೈಷ್ಣವ ದಾಸರ ಮೇಲೆ ಇಂಗ್ಲಿಷಿನಲ್ಲಿ ಲೇಖನ ಬರೆದರು. ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲಿ ತಾವೇ ರಚಿಸಿದರು. 1894ರಲ್ಲಿ ಬಂದ ಅವರ ನಿಘಂಟಿನಲ್ಲಿ ಪದಗಳು ಸುಮಾರು 70,000. ಅದನ್ನು ತೆರೆದು ನೋಡಿದರೆ ಒಂದೊಂದು ಪದದ ಕೆಳಗೆ ಕಾಣುವ ಪ್ರಯೋಗಗಳಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ಗಾದೆಗಳು ಮತ್ತೆ ಮತ್ತೆ ಬರುತ್ತವೆ. ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದದ್ದೇ ಕಿಟ್ಟೆಲ್ ಅವರ ಕಣಜವಾಯಿತು. 1896ರಲ್ಲಿ ಟ್ಯೂಬಿಂಗೆನ್ ಅವರಿಗೂ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಸತ್ತದ್ದೂ ಅದೇ ಊರಿನಲ್ಲಿ. ಇಷ್ಟರ ಹಿಂದೆ ದುಡಿದ ಕನ್ನಡ ಪಂಡಿತರ, ಲಿಪಿಕಾರರ ಹೆಸರುಗಳು ಮುಖಪುಟಕ್ಕೆ ಬರಲಿಲ್ಲ. ಇದೂ ಆ ಚರಿತ್ರೆಯ ಭಾಗವೇ.

ಎದುರು ದಿಕ್ಕಿನಲ್ಲಿ ನಡೆದವರೂ ಇದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಕೌಂಡಿನ್ಯ ಎನಿಸಿಕೊಂಡರು. ಬಾಸೆಲ್‌ಗೆ ಹೋಗಿ ಜರ್ಮನ್‌ನಲ್ಲಿಯೇ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಜರ್ಮನ್ ಭಾಷೆಯ ಮೂಲಕ ಉನ್ನತ ವಿದ್ಯೆ ಪಡೆದ ಮೊದಲ ಕನ್ನಡಿಗರ ಸಾಲಿನಲ್ಲಿ ಅವರ ಹೆಸರು ಬರಬೇಕು. ಮೋಗ್ಲಿಂಗ್ ಅವರ ಸಹಪಾಠಿ, ಮಲಯಾಳಂ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್ ಅವರ ಮಗಳು ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗನೇ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್. ‘ಸಿದ್ಧಾರ್ಥ’ ಬರೆದವನ ಮನೆಯ ಕಪಾಟಿನಲ್ಲಿ ದಕ್ಷಿಣ ಭಾರತ ಮೊದಲೇ ಬಂದು ಕೂತಿತ್ತು.

ಜರ್ಮನ್ ಕಾವ್ಯ ಕನ್ನಡಕ್ಕೆ ಬಂದ ಬಗೆ ಬೇರೆ. ನವ್ಯ ಸಾಹಿತ್ಯದ ಕಾಲಕ್ಕೆ ರಿಲ್ಕೆ, ಬ್ರೆಕ್ಟ್, ಕಾಫ್ಕಾ ಇವರು ಕನ್ನಡ ಲೇಖಕರ ಮನೆಮಾತಾದರು. ಯು.ಆರ್. ಅನಂತಮೂರ್ತಿ ರಿಲ್ಕೆಯ ಕವಿತೆಗಳನ್ನು ಕನ್ನಡಕ್ಕೆ ತಂದರು. ರಿಲ್ಕೆ ಯುವಕವಿಗೆ ಬರೆದ ಪತ್ರಗಳನ್ನು ಓ.ಎಲ್. ನಾಗಭೂಷಣ ಸ್ವಾಮಿ ಅನುವಾದಿಸಿದರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಬ್ರೆಕ್ಟ್‌ನ ‘ಮೂರು ಕಾಸಿನ ಸಂಗೀತ ನಾಟಕ’, ‘ಸೆಜುವಾನ್ ನಗರದ ಸಾಧ್ವಿ’ಗಳನ್ನು ಕನ್ನಡ ರಂಗಭೂಮಿಗೆ ಕೊಟ್ಟರು. ಇವರೆಲ್ಲ ನಡೆದು ಬಂದದ್ದು ಇಂಗ್ಲಿಷಿನ ಸೇತುವೆಯ ಮೇಲೆ. ಇದನ್ನು ಕೊರತೆಯೆಂದು ಹಳಿಯುವವರಿದ್ದಾರೆ. ಹಾಗೆ ನೋಡಿದರೆ ಗಯಟೆ ಮನಸೋತ ಶಾಕುಂತಲವೂ ಇಂಗ್ಲಿಷಿನಿಂದ ಜರ್ಮನ್‌ಗೆ ಬಂದದ್ದೇ. ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದದ್ದನ್ನು ಫಾರ್ಸ್ಟರ್ 1791ರಲ್ಲಿ ಜರ್ಮನ್ ಮಾಡಿದ. ಬಳಸುದಾರಿಯಲ್ಲಿ ಬಂದವರೂ ಮನೆ ಸೇರುತ್ತಾರೆ. ಆದರೂ ರಿಲ್ಕೆಯ ಪ್ರಾಸವನ್ನೂ ಉಸಿರನ್ನೂ ಇಂಗ್ಲಿಷ್ ಒಮ್ಮೆ ಜರಡಿ ಹಿಡಿದ ಮೇಲೆ ಕನ್ನಡಕ್ಕೆ ಸಿಗುವುದು ಅರ್ಥ ಮಾತ್ರ. ನೇರವಾಗಿ ಓದಬಲ್ಲವರು ಬೇಕು ಎಂಬ ಮಾತಿಗೆ ಈ ಮಟ್ಟಿಗೆ ಬಲವಿದೆ.

ಜರ್ಮನಿಯ ತರಗತಿಗೆ ಕನ್ನಡ ಹೋದ ಈಚಿನ ಉದಾಹರಣೆಯೂ ಈ ಸೀಮೆಗೆ ದೂರದ್ದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬಿ.ಎ. ವಿವೇಕ ರೈ 2009ರಿಂದ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಅಲ್ಲಿನ ಭಾರತೀಯ ಅಧ್ಯಯನ ಪೀಠದಲ್ಲಿದ್ದ ಹೈಡ್ರೂನ್ ಬ್ರೂಕ್ನರ್ ತುಳು ಪಾಡ್ದನಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದವರು. ಬಾಯಲ್ಲಿ ಉಳಿದ ಹಾಡನ್ನು ಹಿಡಿಯುವ ಹೆರ್ಡರ್‌ನ ಕಾಲದ ಚಾಳಿ ಇನ್ನೂ ಅಲ್ಲಿ ಬಿಟ್ಟಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಸಂಬಂಧಿಸಿದ್ದು. ನೆಕ್ಕರ್ ದಂಡೆಯದೇ ಆದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗುಂಥರ್ ಸೊಂಥೈಮರ್, ಕುರಿಗಾಹಿಗಳ ದೇವರುಗಳ ಬೆನ್ನು ಹತ್ತಿ ಮಹಾರಾಷ್ಟ್ರದ ಧನಗರರ ಹಾಡುಗಳನ್ನು ಬರೆದುಕೊಂಡು ಅನುವಾದಿಸಿ 1976ರಲ್ಲಿ ಜರ್ಮನ್‌ನಲ್ಲಿ ದೊಡ್ಡ ಗ್ರಂಥ ತಂದರು. ಜೇಜೂರಿಯ ಖಂಡೋಬನೂ ಕನ್ನಡ ನಾಡಿನ ಮೈಲಾರನೂ ಆಂಧ್ರದ ಮಲ್ಲಣ್ಣನೂ ಒಂದೇ ಹೆಣಿಗೆಯ ದೇವರುಗಳೆಂದು ತೋರಿಸಲು ಅವರು 1992ರಲ್ಲಿ ಸಾಯುವವರೆಗೂ ದುಡಿದರು. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಗೇ ಮೌನವಾಗುತ್ತಾರೆ, ಒಂದೇ ಒಂದು ಸಾಲು ಬರುತ್ತದೆ, ಅವನು ಮೇಲಿನಿಂದ ಬೀಳುತ್ತಾನೆ. ಆ ಸಾಲಿನ ಅರ್ಥ ಮಳೆಬೆಳೆಯದೋ ಸರ್ಕಾರದ್ದೋ ಎಂದು ವರ್ಷವಿಡೀ ಚರ್ಚೆ. ಮೂರೋ ನಾಲ್ಕೋ ಪದದ ಅಂಥ ನುಡಿಯನ್ನು ಯಾವ ಭಾಷೆಗೆ ತಂದರೂ ಅನುವಾದಕ ಮೊದಲು ಒಂದು ಅರ್ಥವನ್ನು ಆರಿಸಿಕೊಳ್ಳಬೇಕಾಗುತ್ತದೆ. ಆರಿಸಿಕೊಂಡ ಕೂಡಲೆ ಅದು ಕಾರ್ಣಿಕವಾಗಿ ಉಳಿಯುವುದಿಲ್ಲ.

ಯಾರು ಪಟ್ಟಿಗೆ ಸೇರಿದರು ಎಂಬುದರ ಜೊತೆಗೆ ಯಾರು ಸೇರಲಿಲ್ಲ ಎಂಬುದನ್ನೂ ಕೇಳಬೇಕು. ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸುತ್ತಿದ್ದ 1850ರಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿಯೇ ದಾಸರ ಪರಂಪರೆಯ ಕವಯಿತ್ರಿಯೊಬ್ಬಳು ಬದುಕಿದ್ದಳು. ನಾರಾಯಣದೇವನ ಕೆರೆಯಲ್ಲಿ 1823ರಲ್ಲಿ ಹುಟ್ಟಿದ ಭೀಮವ್ವ, ಮುಂದೆ ಹರಪನಹಳ್ಳಿ ಭೀಮವ್ವ ಎಂದೇ ಹೆಸರಾದಳು. ‘ಭೀಮೇಶಕೃಷ್ಣ’ ಅವಳ ಅಂಕಿತ. ಬಿಡಿ ಕೀರ್ತನೆಗಳಲ್ಲದೆ ‘ಸುಭದ್ರಾ ಕಲ್ಯಾಣ’, ‘ನಳಚರಿತ್ರೆ’, ‘ಮುಯ್ಯದ ಹಾಡು’ಗಳಂಥ ದೀರ್ಘ ರಚನೆಗಳೂ ಅವಳವು. ಮಂಗಳೂರಿನ ಸಂಗ್ರಹಕ್ಕೆ ಬಂದದ್ದು ಗಂಡಸರು ಭಜನೆಯಲ್ಲಿ ಹಾಡುತ್ತಿದ್ದ, ಪ್ರತಿಗಳಲ್ಲಿ ಹಬ್ಬಿದ್ದ ಪದಗಳು. ಹೆಂಗಸರು ಹಸೆಯ ಮುಂದೆ, ಆರತಿಯ ಹೊತ್ತಿನಲ್ಲಿ, ಬೀಗರ ನಡುವೆ ಹಾಡುತ್ತಿದ್ದ ಹಾಡುಗಳು ಪರದೇಶಿ ಪಾದ್ರಿಯ ಕಿವಿಗೆ ಬೀಳುವ ಜಾಗದಲ್ಲಿ ಇರಲೇ ಇಲ್ಲ. ಹಾಗಾಗಿ ಲೈಪ್‌ಜಿಗ್‌ನ ಪತ್ರಿಕೆಯಲ್ಲಿ ಕನ್ನಡದ ಗಾಯಕರಿದ್ದಾರೆ, ಗಾಯಕಿಯರಿಲ್ಲ. ಊಲಾಂಡ್‌ನ ದೇಶದಲ್ಲಿ ಜನಪದ ಹಾಡುಗಳ ಸಂಗ್ರಾಹಕರು ಮುದುಕಿಯರನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ಭೀಮವ್ವ ತೀರಿಕೊಂಡದ್ದು 1903ರಲ್ಲಿ, ಕಿಟ್ಟೆಲ್ ಅವರು ಟ್ಯೂಬಿಂಗೆನ್‌ನಲ್ಲಿ ಕಣ್ಮುಚ್ಚಿದ ವರ್ಷವೇ. ಮೋಗ್ಲಿಂಗ್, ಕಿಟ್ಟೆಲ್, ಗುಂಡರ್ಟ್ ಇವರ ಕಾಗದಪತ್ರಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜೋಪಾನವಾಗಿವೆ. ಗುಂಡರ್ಟ್ ಸಂಗ್ರಹದ ಡಿಜಿಟಲ್ ರೂಪ 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಭೀಮವ್ವನ ಹಾಡುಗಳಿಗೆ ಬಹುಕಾಲ ಇದ್ದ ಗ್ರಂಥಾಲಯ ಹೆಂಗಸರ ಬಾಯಿ ಮತ್ತು ಅವರು ಕೈಯಾರೆ ಬರೆದಿಟ್ಟುಕೊಂಡ ಹಾಡಿನ ಪುಸ್ತಕಗಳು. ಅವಳು ಹುಟ್ಟಿದ ನಾರಾಯಣದೇವನ ಕೆರೆ 1950ರ ದಶಕದಲ್ಲಿ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ಗಂಟುಮೂಟೆಯ ಜೊತೆ ಹಾಡುಗಳೂ ಹೋದವು. ‘ಭೀಮೇಶಕೃಷ್ಣ’ನ ಅಂಕಿತದ ಪದಗಳು ಈಗ ಅಚ್ಚಾಗಿವೆ, ಧ್ವನಿಮುದ್ರಿಕೆಯಲ್ಲೂ ಸಿಗುತ್ತವೆ.